ಎರಡನೆಯ ಅಕ್ಷರದ ಪ್ರಾಸ

ಕವಿತೆಯಲ್ಲಿ ‘ಮಳೆ’ ಅಂತ ಬಂದ ಕಡೆ ನಾನು ಮಳೆ ತೋರಿಸಿದ್ದೆ. ‘ಕಿಟಕಿ’ ಅಂದ ಕಡೆ ಕಿಟಕಿ. ಯಾರೂ ಇಲ್ಲದ ಬೀದಿ ಎಂಬ ಸಾಲಿಗಾಗಿ ಮೂರು ದಿನ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಹೋಗಿ, ಒಂದು ನಾಯಿಯೂ ಅಡ್ಡ ಬಾರದ ಗಳಿಗೆಗಾಗಿ ಕಾದು, 20 ಸೆಕೆಂಡಿನ ಒಂದು ಶಾಟ್ ಹಿಡಿದುಕೊಂಡು ಬಂದಿದ್ದೆ. ಹಿನ್ನೆಲೆಯಲ್ಲಿ ಕವಯಿತ್ರಿಯದೇ ದನಿ. ಒಟ್ಟು ಆರು ನಿಮಿಷ. ನನ್ನ ಮೊದಲ ಕಿರುಚಿತ್ರ, ಅದೂ ‘ಪ್ರಾಯೋಗಿಕ’.

ಕವಯಿತ್ರಿಯ ಮನೆಗೇ ಹೋಗಿ ಲ್ಯಾಪ್‌ಟಾಪಿನಲ್ಲಿ ತೋರಿಸಿದೆ. ಅವರು ಬಹಳ ವರ್ಷ ಕನ್ನಡ ಪಾಠ ಹೇಳಿದವರು. ನೋಡಿ ಮುಗಿಸಿ ಕನ್ನಡಕ ತೆಗೆದರು, ಸೆರಗಿನಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡರು. ಆಮೇಲೆ ಹೇಳಿದರು: “ವಾಚ್ಯವಾಯ್ತು ಕಣಯ್ಯಾ.”

ಕನ್ನಡದಲ್ಲಿ ಬರೆಯುವವರಿಗೆ ಇದಕ್ಕಿಂತ ಕೆಟ್ಟ ಬೈಗುಳ ಇನ್ನೊಂದಿಲ್ಲ. ಹೇಳಬೇಕಾದ್ದನ್ನೆಲ್ಲ ಬಾಯಿಬಿಟ್ಟು ಹೇಳಿ ಕೇಳುವವನಿಗೆ ಏನೂ ಉಳಿಸದೆ ಹೋದೆ ಅಂತ ಅರ್ಥ. “ಮಳೆ ಅಂತ ನಾನು ಹೇಳಿದ ಮೇಲೆ ನೀನು ಯಾಕೆ ಮತ್ತೆ ಹೇಳ್ತೀಯ? ನನ್ನ ಮಳೆ ರಾತ್ರಿಯದು. ನಿಂದು ಹಗಲಿನ ಮಳೆ. ಈಗ ನನ್ನ ಮಳೆಯೂ ಹೋಯ್ತು.”

ಬಸ್ಸಿನಲ್ಲಿ ವಾಪಸು ಬರುವಾಗ ಸಿಟ್ಟು ಬಂತು, ನಿಜ. ಆದರೆ ಕೊನೆಯ ಮಾತು ಮಾತ್ರ ಬಿಡದೆ ಕಾಡಿತು. ‘ಮಳೆ’ ಎಂಬ ಎರಡಕ್ಷರ ಓದುವವನು ತನ್ನ ಮಳೆಯನ್ನು ತಾನೇ ತಂದುಕೊಳ್ಳುತ್ತಾನೆ. ಪರದೆಯ ಮೇಲೆ ಬಿದ್ದ ಮಳೆಗೆ ಆ ಔದಾರ್ಯವಿಲ್ಲ. ಅದಕ್ಕೆ ಒಂದು ರಸ್ತೆ ಇರುತ್ತದೆ, ಒಂದು ಗಂಟೆ ಇರುತ್ತದೆ, ಹಿಂದೆ ನಿಲ್ಲಿಸಿದ ಸ್ಕೂಟರಿನ ನಂಬರ್ ಪ್ಲೇಟೂ ಇರುತ್ತದೆ. ಚಿತ್ರ ಅನ್ನುವುದು ಹುಟ್ಟುತ್ತಲೇ ತುಂಬಿದ ಕೊಡ. ಅದರ ಪಕ್ಕದಲ್ಲಿ ಅದೇ ಅರ್ಥದ ಮಾತನ್ನು ಇಟ್ಟರೆ ಒಂದು ಇನ್ನೊಂದನ್ನು ಕೊಲ್ಲುತ್ತದೆ. ಸಾಮಾನ್ಯವಾಗಿ ಸಾಯುವುದು ಮಾತೇ.

ಆಮೇಲಿನ ಒಂದು ವರ್ಷ ನಾನು ಏನನ್ನೂ ಚಿತ್ರೀಕರಿಸಲಿಲ್ಲ. ಈ ಕೆಲಸ ಮೊದಲು ಮಾಡಿದವರು ಏನು ಮಾಡಿದ್ದರು ಅಂತ ನೋಡುತ್ತ ಕೂತೆ.

1921ರ ‘ಮ್ಯಾನ್‌ಹಟ್ಟ’ದಿಂದ ಶುರು ಮಾಡಿದೆ. ಛಾಯಾಗ್ರಾಹಕ ಪಾಲ್ ಸ್ಟ್ರಾಂಡ್, ವರ್ಣಚಿತ್ರಕಾರ ಚಾರ್ಲ್ಸ್ ಶೀಲರ್ ಸೇರಿ ನ್ಯೂಯಾರ್ಕ್ ಬಗ್ಗೆ ಮಾಡಿದ ಹತ್ತು ಹನ್ನೊಂದು ನಿಮಿಷದ ಮೂಕಿ. ದೋಣಿ ದಡಕ್ಕೆ ಬರುತ್ತದೆ, ಜನ ಹರಿದು ಇಳಿಯುತ್ತಾರೆ, ಹೊಗೆ, ಉಕ್ಕು, ಎತ್ತರದ ಕಟ್ಟಡಗಳ ತುದಿಯಿಂದ ಕಾಣುವ ಇರುವೆಗಳಂಥ ಮನುಷ್ಯರು. ನಡುನಡುವೆ ಬರಹದ ಫಲಕಗಳಲ್ಲಿ ಅಮೆರಿಕದ ಕವಿ ವಾಲ್ಟ್ ವಿಟ್ಮನ್‌ನ ಸಾಲುಗಳು. ನನ್ನ ಕಿರುಚಿತ್ರದ ಹಾಗೇ ಇದೆಯಲ್ಲ ಅಂತ ಮೊದಲು ಸಮಾಧಾನವಾಯಿತು. ಎರಡನೆಯ ಸಲ ನೋಡಿದಾಗ ತಿಳಿಯಿತು, ವಿಟ್ಮನ್ ತೀರಿಕೊಂಡದ್ದು 1892ರಲ್ಲಿ. ಚಿತ್ರದಲ್ಲಿ ಕಾಣುವ ದೈತ್ಯ ಕಟ್ಟಡಗಳಲ್ಲಿ ಮುಖ್ಯವಾದವು ಅವನು ಹೋದ ಮೇಲೆ ಎದ್ದವು. ಅವನ ಪದಗಳು ಹಾಯಿಹಡಗಿನ, ಅಲೆಗಳ ಊರಿನವು. ಚಿತ್ರದ ಊರು ಗಗನಚುಂಬಿಗಳದ್ದು. ಪದಕ್ಕೂ ಚಿತ್ರಕ್ಕೂ ನಡುವೆ ಒಂದು ತಲೆಮಾರಿನ ಸಂದು. ಆ ಸಂದಿನಲ್ಲೇ ಸಿನಿಮಾ ಉಸಿರಾಡುತ್ತದೆ. ಜೊತೆಗೆ, ಮೂಕಿ ಆದ್ದರಿಂದ ಪದ ಬಂದಾಗ ಚಿತ್ರ ಇಲ್ಲ, ಚಿತ್ರ ಬಂದಾಗ ಪದ ಇಲ್ಲ. ಸರದಿ. ನಾನೋ ಎರಡನ್ನೂ ಒಂದೇ ತಟ್ಟೆಯಲ್ಲಿ ಬಡಿಸಿದ್ದೆ.

1936ರ ‘ನೈಟ್ ಮೇಲ್’ ಇನ್ನೊಂದು ದಾರಿ ತೋರಿಸಿತು. ಲಂಡನ್ನಿನಿಂದ ಸ್ಕಾಟ್ಲೆಂಡಿಗೆ ರಾತ್ರಿಯಿಡೀ ಕಾಗದ ಹೊತ್ತೊಯ್ಯುವ ರೈಲಿನ ಮೇಲೆ ಬ್ರಿಟನ್ನಿನ ಅಂಚೆ ಇಲಾಖೆಯ ಚಿತ್ರ ಘಟಕ ಮಾಡಿದ ಸಾಕ್ಷ್ಯಚಿತ್ರ ಅದು. ಕೊನೆಯ ಕೆಲವು ನಿಮಿಷ ಮಾತ್ರ ಡಬ್ಲ್ಯು. ಎಚ್. ಆಡನ್‌ನ ಪದ್ಯ, ಬೆಂಜಮಿನ್ ಬ್ರಿಟನ್‌ನ ಸಂಗೀತ. ಇಲ್ಲಿ ಕವಿತೆಯನ್ನು ಚಿತ್ರಕ್ಕೆ ಅಳೆದು ಬರೆಸಿದ್ದು. ಏರಿನಲ್ಲಿ ರೈಲು ಏದುಸಿರು ಬಿಟ್ಟರೆ ಪದ್ಯವೂ ನಿಧಾನ. ಇಳಿಜಾರಿನಲ್ಲಿ ಓಡಿದರೆ ಓದುವವನಿಗೆ ಉಸಿರೆಳೆಯಲು ಬಿಡುವಿಲ್ಲ. ಆದರೆ ನನಗೆ ಅದಕ್ಕಿಂತ ಮುಖ್ಯ ಅನ್ನಿಸಿದ್ದು ಅವರು ಬಿಸಾಕಿದ ಒಂದು ಸಾಲು. ಗುಡ್ಡಗಳನ್ನು ಕೊಂದು ಒಟ್ಟಿದ ಕುದುರೆಗಳಿಗೆ ಹೋಲಿಸಿ ಆಡನ್ ಬರೆದಿದ್ದನಂತೆ. ಅದಕ್ಕೆ ಸಮನಾಗಿ ನಿಲ್ಲುವ ಚಿತ್ರ ಯಾವುದೂ ಇಲ್ಲವೆಂದು ತೆಗೆದುಹಾಕಿದರು. ಎಷ್ಟು ಒಳ್ಳೆಯ ಸಾಲು! ಒಳ್ಳೆಯದಾದ್ದಕ್ಕೇ ಹೋಯಿತು. ನಾನಾಗಿದ್ದರೆ ಗುಡ್ಡದ ಶಾಟು ಹಾಕಿ, ಸಾಲನ್ನೂ ಓದಿಸಿ, ಎರಡನ್ನೂ ಹಾಳು ಮಾಡುತ್ತಿದ್ದೆ.

ಕವಿತೆಯ ಒಂದು ಪದವೂ ಇಲ್ಲದೆ ಕವಿತೆಯಾದದ್ದು ಯೋರಿಸ್ ಇವೆನ್ಸ್ ಮತ್ತು ಮಾನ್ನುಸ್ ಫ್ರಾಂಕೆನ್ ಮಾಡಿದ ‘ಮಳೆ’. 1929ರದು, ಸುಮಾರು 12 ನಿಮಿಷ, ಆಮ್‌ಸ್ಟರ್‌ಡ್ಯಾಮ್. ಒಂದು ಮಳೆ ಶುರುವಾಗಿ ನಿಲ್ಲುತ್ತದೆ, ಅಷ್ಟೇ ಕಥೆ. ಆ ಒಂದು ಮಳೆಯನ್ನು ಎಷ್ಟೋ ತಿಂಗಳುಗಳ ಎಷ್ಟೋ ಮಳೆಗಳಿಂದ ಹೊಲಿದಿದ್ದಾರೆ. ಮೊದಲ ಹನಿಗೆ ಅಂಗೈ ಚಾಚುವವನೊಬ್ಬ, ಕಾಲುವೆಯ ನೀರಿನ ಮೇಲೆ ಉಂಗುರಗಳು, ಟ್ರಾಮಿನ ಗಾಜಿನ ಮೇಲೆ ಜಾರುವ ಗೆರೆಗಳು, ಮೇಲಿನಿಂದ ಕಂಡ ಕೊಡೆಗಳ ಕರೀ ಹಿಂಡು. ಹನ್ಸ್ ಐಸ್ಲರ್ 1941ರಲ್ಲಿ ಇದಕ್ಕೆ ಸಂಗೀತ ಬರೆದು ‘ಮಳೆಯನ್ನು ವರ್ಣಿಸುವ ಹದಿನಾಲ್ಕು ವಿಧಾನಗಳು’ ಅಂತ ಹೆಸರಿಟ್ಟ. ನನ್ನದು ಒಂದೇ ವಿಧಾನವಾಗಿತ್ತು: ನಲ್ಲಿ ಬಿಟ್ಟ ಹಾಗೆ.

ಇಷ್ಟೆಲ್ಲ ನೋಡಿದ ಮೇಲೆ ಒಂದು ಹಳೆಯ ಜಗಳ ಸಿಕ್ಕಿತು. 1953ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ‘ಸಿನಿಮಾ 16’ ಎಂಬ ಚಿತ್ರಸಮಾಜ ಕವಿತೆ ಮತ್ತು ಸಿನಿಮಾ ಕುರಿತು ಒಂದು ಗೋಷ್ಠಿ ನಡೆಸಿತು. ವೇದಿಕೆಯಲ್ಲಿ ಪ್ರಾಯೋಗಿಕ ಚಿತ್ರಗಳ ಮಾಯಾ ಡೆರೆನ್, ಕವಿ ಡಿಲನ್ ಥಾಮಸ್, ನಾಟಕಕಾರ ಆರ್ಥರ್ ಮಿಲ್ಲರ್, ವಿಮರ್ಶಕ ಪಾರ್ಕರ್ ಟೈಲರ್. ಡೆರೆನ್ ತನ್ನ ವಾದ ಮಂಡಿಸಿದಳು: ನಾಟಕ, ಕಥೆಗಳು ಅಡ್ಡಕ್ಕೆ ಹರಿಯುತ್ತವೆ, ಒಂದು ಘಟನೆ ಮುಂದಿನದನ್ನು ತಳ್ಳುತ್ತದೆ. ಕವಿತೆ ಲಂಬಕ್ಕೆ ಇಳಿಯುತ್ತದೆ, ಒಂದೇ ಗಳಿಗೆಯೊಳಗೆ ಬಾವಿ ತೋಡುತ್ತದೆ. ಡಿಲನ್ ಥಾಮಸ್ ಈ ‘ಲಂಬ’ವನ್ನು ಗೇಲಿ ಮಾಡಿ ಸಭೆಯನ್ನು ನಗಿಸಿಬಿಟ್ಟ. ಎರಡು ವಾರವೂ ಆಗಿರಲಿಲ್ಲ, ಅದೇ ಊರಿನಲ್ಲಿ ತೀರಿಕೊಂಡ. ಡೆರೆನ್ ಮಾತೇ ಸರಿ ಅಂತ ನನಗೆ ಅನ್ನಿಸುತ್ತದೆ. ಆದರೆ ಕ್ಯಾಮೆರಾ ಹಿಡಿದು ರಸ್ತೆಯಲ್ಲಿ ನಿಂತವನಿಗೆ ಲಂಬ ಅಂದರೆ ಏನು ಮಾಡುವುದು? ಎಷ್ಟು ಸೆಕೆಂಡು? ಎಲ್ಲಿ ಕತ್ತರಿ? ಅದು ಆ ಗೋಷ್ಠಿಯಲ್ಲಿ ಸಿಗಲಿಲ್ಲ.

ಸಿಕ್ಕಿದ್ದು ಛಂದಸ್ಸಿನ ಪಾಠದಲ್ಲಿ. ಅದೂ ಕವಯಿತ್ರಿಯ ಬಾಯಲ್ಲಿ, ಬೇರೇನೋ ಮಾತಾಡುವಾಗ.

ಕನ್ನಡದ ಹಳೆಯ ಪದ್ಯಗಳಲ್ಲಿ ಪ್ರಾಸ ಸಾಲಿನ ಕೊನೆಗೆ ಬರುವುದಿಲ್ಲ, ಎರಡನೆಯ ಅಕ್ಷರಕ್ಕೆ ಬರುತ್ತದೆ. ಶಾಲೆಯಲ್ಲಿ ಎಲ್ಲರೂ ಕಲಿತು ಎಲ್ಲರೂ ಮರೆತ ಸಂಗತಿ. ಮೊದಲ ಅಕ್ಷರ ಯಾವುದೇ ಇರಲಿ, ಎರಡನೆಯದರ ವ್ಯಂಜನ ಎಲ್ಲ ಸಾಲಿಗೂ ಒಂದೇ: ಬಾಗಿ, ತೂಗಿ, ಕೂಗಿ, ಸಾಗಿ. ಸಾಲಿನ ಕೊನೆಯ ಪ್ರಾಸ ಬಾಗಿಲು ಹಾಕಿದ ಹಾಗೆ ಕೇಳಿಸುತ್ತದೆ. ಎರಡನೆಯ ಅಕ್ಷರದ್ದು ಹಾಗಲ್ಲ, ಸಾಲು ಈಗಷ್ಟೇ ಕಾಲೆತ್ತಿರುತ್ತದೆ, ಅಷ್ಟರಲ್ಲಿ ಹಿಂದಿನ ಸಾಲಿನ ನೆನಪು ಬಂದು ಹೋಗುತ್ತದೆ. ಆಮೇಲೆ ಸಾಲು ಎಲ್ಲಿಗೆ ಬೇಕಾದರೂ ಹೋಗಲಿ, ಅದಕ್ಕೆ ಸ್ವಾತಂತ್ರ್ಯ.

ಶಾಟಿಗೂ ಹೀಗೆ ಮಾಡಿದರೆ?

ಸಂಕಲನ ಮಾಡುವ ಗೆಳೆಯನ ಹತ್ತಿರ ಕೂತು ಲೆಕ್ಕ ಹಾಕಿದೆ. ಸೆಕೆಂಡಿಗೆ 24 ಫ್ರೇಮ್. ಒಂದು ಮಾತ್ರೆಗೆ, ಅಂದರೆ ಒಂದು ಗಿಡ್ಡ ಅಕ್ಷರ ಹೇಳುವ ಹೊತ್ತಿಗೆ, 6 ಫ್ರೇಮ್ ಅಂತಿಟ್ಟುಕೊಂಡೆ. ಗಿಡ್ಡ ಅಕ್ಷರ ಲಘುವಿಗೆ 6, ಉದ್ದದ ಗುರುವಿಗೆ 12. ಆರು ಸಾಲಿನ ಭಾಮಿನೀ ಷಟ್ಪದಿಯನ್ನು ತೆಗೆದುಕೊಂಡರೆ ಗಣಗಳು, ಅಂದರೆ ಮಾತ್ರೆಗಳ ಗುಂಪುಗಳು, ಮೂರು-ನಾಲ್ಕು, ಮೂರು-ನಾಲ್ಕು. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ 14 ಮಾತ್ರೆ. ಅಂದರೆ 84 ಫ್ರೇಮ್, ಮೂರೂವರೆ ಸೆಕೆಂಡು. ಮೂರನೆಯ ಮತ್ತು ಆರನೆಯ ಸಾಲು ಉದ್ದ, ಕೊನೆಯಲ್ಲೊಂದು ಗುರು ಸೇರಿ 23 ಮಾತ್ರೆ. 138 ಫ್ರೇಮ್, ಆರು ಸೆಕೆಂಡಿಗೆ ಸ್ವಲ್ಪ ಕಡಿಮೆ. ಇಡೀ ಪದ್ಯಕ್ಕೆ 102 ಮಾತ್ರೆ, 612 ಫ್ರೇಮ್, ಇಪ್ಪತ್ತೈದೂವರೆ ಸೆಕೆಂಡು. ಇಲ್ಲಿ ಒಂದು ಮೋಜು: ಎಷ್ಟೋ ಪ್ರಾಯೋಗಿಕ ಚಿತ್ರಗಾರರ ಕೈಗೆ ಒಗ್ಗಿದ್ದ ಬೋಲೆಕ್ಸ್ 16 ಎಂಎಂ ಕ್ಯಾಮೆರಾಕ್ಕೆ ಗಡಿಯಾರದ ಹಾಗೆ ಸ್ಪ್ರಿಂಗ್ ಇತ್ತು, ಒಮ್ಮೆ ಪೂರ್ತಿ ಕೀಲಿ ಕೊಟ್ಟರೆ ಸುಮಾರು 28 ಸೆಕೆಂಡು ಓಡಿ ನಿಲ್ಲುತ್ತಿತ್ತು. ಒಂದು ಭಾಮಿನಿಗೆ ಒಂದು ಕೀಲಿ. ಇದರಿಂದ ಏನೂ ಸಾಬೀತಾಗುವುದಿಲ್ಲ, ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆರು ಶಾಟು, ಆರು ಸಾಲು. ಬಾಗಿ, ತೂಗಿಯ ಹಾಗೆ ಮೊದಲ ಅಕ್ಷರ ಗುರು, ಆದ್ದರಿಂದ ಮೊದಲ 12 ಫ್ರೇಮ್ ಏನೂ ಅಲುಗಬಾರದು. ಹದಿಮೂರನೆಯ ಫ್ರೇಮಿಗೆ ಏನಾದರೊಂದು ಮೇಲೇಳಬೇಕು. ಅದೇ ಪ್ರಾಸ. ಮುಚ್ಚಿದ ರೋಲಿಂಗ್ ಷಟರ್, ಅರ್ಧ ಸೆಕೆಂಡು ಸುಮ್ಮನಿದ್ದು ಗಡಗಡ ಮೇಲೆ. ಸಿಮೆಂಟ್ ಕಟ್ಟೆಯ ಮೇಲೆ ಪಾರಿವಾಳಗಳು, ಅರ್ಧ ಸೆಕೆಂಡು, ಮೇಲೆ. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತವನು ಎದ್ದು ನಿಲ್ಲುವುದು. ಇದು ಮೂರನೆಯದು, ಉದ್ದ ಸಾಲು, ಎದ್ದ ಮೇಲೆ ಅವನು ನಡೆದು ಹೋಗುವಷ್ಟು ಹೊತ್ತಿದೆ. ಪಾದಚಾರಿ ಸೇತುವೆಯ ಮೆಟ್ಟಿಲ ಮೇಲೆ ಒಂದು ಹೆಜ್ಜೆ. ಯಾರೋ ಕಂಕುಳಿಗೆ ಎತ್ತಿಕೊಂಡ ಮಗು. ಕೊನೆಗೆ ಕ್ರೇನಿನ ಕೊಕ್ಕೆ, ಅದು ಮೇಲೆ ಹೋಗುತ್ತಲೇ ಇರುತ್ತದೆ.

ಇವನ್ನು ಹಿಡಿಯಲು ಎರಡು ತಿಂಗಳು ಬೇಕಾಯಿತು. ಪಾರಿವಾಳಗಳಿಗೆ ಹದಿಮೂರನೆಯ ಫ್ರೇಮಿನ ತಿಳಿವಳಿಕೆ ಇಲ್ಲ. ಟ್ರೈಪಾಡ್ ಬಿಡಿಸಿದ ಕೂಡಲೇ ಎಲ್ಲಿಂದಲೋ ಒಬ್ಬ ಸೆಕ್ಯುರಿಟಿ ಹುಟ್ಟಿಕೊಳ್ಳುತ್ತಾನೆ. ಅದೇ ಜಾಗದಲ್ಲಿ ಫೋನು ಹಿಡಿದು ಅರ್ಧ ಗಂಟೆ ತೆಗೆದರೂ ಕೇಳುವವರಿಲ್ಲ. ಇನ್ನೊಂದು ತಾಪತ್ರಯವನ್ನು ಯಾರೂ ಮೊದಲೇ ಹೇಳಿರಲಿಲ್ಲ. ನಗರದಲ್ಲಿ ಕ್ಯಾಮೆರಾ ಯಾವ ಕಡೆ ತಿರುಗಿಸಿದರೂ ಅಕ್ಷರ. ಬೋರ್ಡು, ಬ್ಯಾನರು, ಬಸ್ಸಿನ ಬೆನ್ನು, ಗೋಡೆಯ ಮೇಲಿನ ಅಳಿಸಿದ ಎಚ್ಚರಿಕೆ. ಓದು ಬಲ್ಲವನ ಕಣ್ಣು ಮೊದಲು ಅಲ್ಲಿಗೇ ಓಡುತ್ತದೆ. ಚೌಕಟ್ಟಿನಲ್ಲಿ ಮುಖವೂ ಬೋರ್ಡೂ ಇದ್ದರೆ ಬೋರ್ಡೇ ಗೆಲ್ಲುತ್ತದೆ. ಮೂರೂವರೆ ಸೆಕೆಂಡಿನ ಶಾಟಿನಲ್ಲಿ ಎರಡು ಸೆಕೆಂಡು ಯಾವುದೋ ಟ್ಯೂಷನ್ನಿನ ಜಾಹೀರಾತು ಓದಿ ಮುಗಿಸಿದರೆ ಪಾರಿವಾಳ ನೋಡುವುದು ಯಾವಾಗ? ಹಾಗಾಗಿ ಫೋಕಸ್ ಆಚೀಚೆ ಮಾಡಿ, ಕೋನ ಬದಲಿಸಿ, ಅಕ್ಷರಗಳನ್ನು ಅಂಚಿಗೆ ತಳ್ಳುತ್ತ ಬಂದೆ. ನಗರದ ಕವಿತೆ ತೆಗೆಯಹೊರಟವನ ಅರ್ಧ ಕೆಲಸ ನಗರ ತಾನೇ ಬರೆದುಕೊಂಡದ್ದನ್ನು ಅಳಿಸುವುದು.

ಗಾಜು ಇದಕ್ಕೆ ಒಂದು ಉಪಾಯ. 1928ರಲ್ಲಿ ಮ್ಯಾನ್ ರೇ, ರಾಬರ್ಟ್ ಡೆಸ್ನೊಸ್‌ನ ಕವಿತೆ ಹಿಡಿದು ‘ನಕ್ಷತ್ರ ಮೀನು’ ತೆಗೆದಾಗ ಜಿಲೆಟಿನ್ ಲೇಪಿಸಿದ ಗಾಜಿನ ಮೂಲಕ ಎಷ್ಟೋ ಭಾಗ ಚಿತ್ರೀಕರಿಸಿ ಎಲ್ಲವನ್ನೂ ಮಸುಕಾಗಿಸಿದ. 1955ರ ‘ದಿ ವಂಡರ್ ರಿಂಗ್’ ಇದಕ್ಕಿಂತ ಇಷ್ಟ ನನಗೆ. ನ್ಯೂಯಾರ್ಕಿನ ಥರ್ಡ್ ಅವೆನ್ಯೂ ಮೇಲ್ಸೇತುವೆಯ ರೈಲನ್ನು ಕೆಡವುವ ಮೊದಲು ಅದನ್ನು ಚಿತ್ರೀಕರಿಸಿಕೊಡು ಅಂತ ಕಲಾವಿದ ಜೋಸೆಫ್ ಕಾರ್ನೆಲ್ ತರುಣ ಸ್ಟ್ಯಾನ್ ಬ್ರಾಕೇಜ್‌ಗೆ ಹೇಳಿದ. ಸುಮಾರು ಆರು ನಿಮಿಷ, ಬಣ್ಣದ್ದು, ಸದ್ದಿಲ್ಲ. ಬೋಗಿಯ ಓರೆಕೋರೆ ಗಾಜಿನಲ್ಲಿ ಹೊರಗಿನ ಕಟ್ಟಡಗಳು ನೀರಿನ ಹಾಗೆ ಅಲೆಯಾಡುತ್ತವೆ. ಕಾರ್ನೆಲ್‌ಗೆ ಅದೂ ಸಾಲದೆ ಅದೇ ರೀಲನ್ನು ತಿರುವಿ, ಹಿಂದುಮುಂದಾಗಿಸಿ ಇನ್ನೊಂದು ಚಿತ್ರ ಮಾಡಿ ಹೆಸರನ್ನೂ ತಿರುಗಿಸಿ ಬರೆದ. ಎಂಥ ಹಟಮಾರಿ!

ಇನ್ನು ಸದ್ದು. ಕನ್ನಡದಲ್ಲಿ ‘ಧ್ವನಿ’ಗೆ ಎರಡು ಅರ್ಥ. ಸಿನಿಮಾದವರಿಗೆ ಶಬ್ದ, ಒಂಬತ್ತನೆಯ ಶತಮಾನದ ಕಾವ್ಯಮೀಮಾಂಸಕ ಆನಂದವರ್ಧನನಿಂದ ಈಚೆಗೆ ಕಾವ್ಯದವರಿಗೆ, ಹೇಳದೆ ಹೊಳೆಯುವ ಅರ್ಥ. ಸಂಕಲನದ ಮೇಜಿನಲ್ಲಿ ಕೂತಾಗ ಇವೆರಡೂ ಒಂದೇ ಅಂತ ಒಮ್ಮೊಮ್ಮೆ ಅನ್ನಿಸುತ್ತದೆ. ಮೊದಲ ಜೋಡಣೆಯಲ್ಲಿ ಪ್ರತಿ ಶಾಟಿಗೂ ಅದರದೇ ಸದ್ದು ಇತ್ತು. ಷಟರಿನ ಗಡಗಡ, ಕಟ್. ರೆಕ್ಕೆಯ ಪಟಪಟ, ಕಟ್. ಮಗ್ಗಿ ಒಪ್ಪಿಸಿದ ಹಾಗಿತ್ತು. ಗೆಳೆಯ ಆಕಳಿಸಿದ. ಲೆಕ್ಕವೆಲ್ಲ ಸರಿ, ಆದರೆ ಸಿನಿಮಾ ಸತ್ತಿದೆ.

ಅದನ್ನು ಎಬ್ಬಿಸಿದ್ದೂ ವ್ಯಾಕರಣವೇ. ಪದ್ಯದ ನಡುವೆ ಉಸಿರು ನಿಲ್ಲಿಸಬೇಕಾದ ಜಾಗಕ್ಕೆ ಯತಿ ಅಂತಾರೆ. ಸಂಸ್ಕೃತದವರಿಗೆ ಅಲ್ಲಿ ಪದ ಮುಗಿಯಲೇಬೇಕು. ಕನ್ನಡದ ಕವಿಗಳು ಕೇಳಲಿಲ್ಲ. ಪದವನ್ನು ಯತಿಯ ಮೇಲೆ ದಾಟಿಸಿಕೊಂಡು ಹೋದರು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಈ ಯತಿವಿಲಂಘನವನ್ನು ತಪ್ಪು ಅನ್ನದೆ ಕನ್ನಡದ ವಿಶೇಷಗಳ ಪಟ್ಟಿಗೇ ಸೇರಿಸಿದ. ನಾವೂ ದಾಟಿಸಿದೆವು. ಷಟರಿನ ಗಡಗಡವನ್ನು ಪಾರಿವಾಳಗಳ ಮೇಲೆ ಹರಿಯಬಿಟ್ಟೆವು. ಷಟರಿಗೇ ಹೆದರಿ ಹಾರಿದವೇನೋ ಅನ್ನಿಸಿತು. ಎರಡನ್ನೂ ತೆಗೆದದ್ದು ಬೇರೆ ಬೇರೆ ತಿಂಗಳಲ್ಲಿ, ಬೇರೆ ಬೇರೆ ಬೀದಿಯಲ್ಲಿ. ರೆಕ್ಕೆಯ ಪಟಪಟ ಬೆಂಚಿನವನ ಮೇಲೆ ಮುಂದುವರಿಯಿತು; ಅವನು ಯಾವುದೋ ಸದ್ದಿಗೆ ಬೆಚ್ಚಿ ಎದ್ದವನಾದ. ಮಗುವಿನ ನಗು ಮಗು ಕಾಣುವ ಮೊದಲೇ, ಮೆಟ್ಟಿಲ ಮೇಲೇ ಕೇಳಿಸಿತು. ಚಿತ್ರದಲ್ಲಿ ಕತ್ತರಿ, ಕಿವಿಯಲ್ಲಿ ಸೇತುವೆ. ಒಂದಕ್ಕೊಂದು ಸಂಬಂಧವೇ ಇಲ್ಲದ ಆರು ಶಾಟುಗಳ ನಡುವೆ ಯಾರೂ ಹೇಳದ ಒಂದು ನಂಟು ಹುಟ್ಟಿತು. ನಗರದಲ್ಲಿ ನಂಟು ಅಂದರೆ ಇಷ್ಟೇ ತಾನೆ, ಒಬ್ಬನ ಸದ್ದು ಇನ್ನೊಬ್ಬನ ಮೇಲೆ ಬೀಳುವುದು.

ಕವಿತೆಯ ಒಂದು ಪದವನ್ನೂ ಉಳಿಸಿಕೊಳ್ಳಲಿಲ್ಲ. ಓದಿದ ದನಿಯನ್ನೂ ತೆಗೆದೆ. ಅವರದು ಮುಕ್ತಛಂದದ ಕವಿತೆ. ಆದರೆ ಅವರು ಓದಿದ್ದನ್ನು ಇಪ್ಪತ್ತು ಸಲ ಕೇಳಿದಾಗ ಅಲ್ಲಲ್ಲಿ ಮೂರು-ನಾಲ್ಕರ ನಡಿಗೆ ಇಣುಕುತ್ತಿತ್ತು. ಷಟ್ಪದಿಯ ಯೋಚನೆ ಬಂದದ್ದೇ ಹಾಗೆ. ಫೋನಿನಲ್ಲಿ ಹೇಳಿದರೆ ರೇಗಿದರು: “ನಾನು ಷಟ್ಪದಿ ಬಿಟ್ಟು ನಲವತ್ತು ವರ್ಷ ಆಯ್ತು ಮಾರಾಯ!”

ಹೀಗೆ ಹನ್ನೆರಡು ಪದ್ಯ, ಲೆಕ್ಕದ ಪ್ರಕಾರ ಐದು ನಿಮಿಷ ಆರು ಸೆಕೆಂಡು. ಎಲ್ಲವೂ ಚೆನ್ನಾಗಿ ಬಂತು ಅಂತ ಸುಳ್ಳು ಹೇಳಲಾರೆ. ನಾಲ್ಕನೆಯ ಪದ್ಯ ಟ್ರಾಫಿಕ್ ಸಿಗ್ನಲ್ಲಿನದು, ಅಲ್ಲಿ ಎಣಿಕೆಯ ಅಂಕಿಗಳು ತಮ್ಮದೇ ತಾಳ ಹಾಕಿ ನನ್ನದನ್ನು ಕೆಡಿಸಿದವು. ಏಳು ಮತ್ತು ಎಂಟು ಬರೀ ಚಂದ. ಚಂದ ಅನ್ನುವುದು ಈ ಬಗೆಯ ಚಿತ್ರಗಳ ದೊಡ್ಡ ರೋಗ. ಡ್ರೋನ್, ಮಂಜು, ನಿಧಾನಗತಿ, ಪಿಯಾನೋ ಹಾಕಿದರೆ ಯಾವ ಊರೂ ಚಂದವೇ. ಭಾರತ ಸರ್ಕಾರದ ಸಾಕ್ಷ್ಯಚಿತ್ರ ಸಂಸ್ಥೆ ಫಿಲ್ಮ್ಸ್ ಡಿವಿಷನ್‌ನಲ್ಲಿ ಪ್ರಮೋದ್ ಪತಿ 1968ರಲ್ಲಿ ಮಾಡಿದ ‘ಎಕ್ಸ್‌ಪ್ಲೋರರ್’ ನೋಡಿ, ಶಾಟುಗಳು ಕಲ್ಲು ಬೀಸಿದ ಹಾಗೆ ಬರುತ್ತವೆ, ಚಂದ ನೋಡಲು ಪುರುಸೊತ್ತೇ ಕೊಡುವುದಿಲ್ಲ. ಆ ಧೈರ್ಯ ನನಗೆ ಬರಲಿಲ್ಲ.

ಹತ್ತನೆಯ ಪದ್ಯದ ಕೊನೆಯ ಸಾಲಿನಲ್ಲಿ ಒಂದು ಎಡವಟ್ಟು ಆಗಿತ್ತು. ಮೆಟ್ಟಿಲು ಹತ್ತುವ ಜನರ ನಡುವೆ ಕೈಚೀಲದವನೊಬ್ಬ ಅರ್ಧದಲ್ಲಿ ನಿಂತು, ತಿರುಗಿ, ಕ್ಯಾಮೆರಾವನ್ನೇ ನೋಡುತ್ತಾನೆ. ಹಿಂದಿನವರು ಅವನನ್ನು ಬಳಸಿಕೊಂಡು ಹೋಗುತ್ತಾರೆ. ಆಮೇಲೆ ಅವನು ನಿಧಾನ ತಿರುಗಿ ಹತ್ತುತ್ತಾನೆ. ಲೆಕ್ಕದ 138 ಫ್ರೇಮಿಗೆ ಕತ್ತರಿಸಿದರೆ ಅವನ ನೋಟ ಅರ್ಧಕ್ಕೇ ತುಂಡಾಗುತ್ತದೆ. ನಾನು ಲೆಕ್ಕ ಮೀರಿ ಅವನ ನೋಟ ಮುಗಿಯುವವರೆಗೆ ಬಿಟ್ಟೆ. “ಲೆಕ್ಕ ತಪ್ಪಿತು ಗುರು” ಅಂದ ಗೆಳೆಯ. ತಪ್ಪಲಿ ಅಂದೆ.

ಮತ್ತೆ ಕವಯಿತ್ರಿಯ ಮನೆ, ಅದೇ ಲ್ಯಾಪ್‌ಟಾಪು. ಈ ಸಲ ಅವರು ಒಮ್ಮೆ ನೋಡಿದ ಮೇಲೆ, “ಸದ್ದು ತೆಗೆದು ಇನ್ನೊಂದ್ಸಲ ಹಾಕು” ಅಂದರು. ಹಾಕಿದೆ. ಕುರ್ಚಿಯ ಕೈ ಮೇಲೆ ಅವರ ತೋರುಬೆರಳು ಆಡತೊಡಗಿತು. ಮೂರು, ನಾಲ್ಕು. ಮೂರು, ನಾಲ್ಕು. ಸಿಗ್ನಲ್ಲಿನ ಹತ್ತಿರ ಬೆರಳು ತಡವರಿಸಿತು, ಮತ್ತೆ ಸೇರಿಕೊಂಡಿತು. ಮೆಟ್ಟಿಲಿನವನ ಹತ್ತಿರ ಪೂರ್ತಿ ನಿಂತಿತು.

“ಇವನು ಯಾಕೆ ನಿಂತ?”

“ಗೊತ್ತಿಲ್ಲ ಮೇಡಂ. ನಿಂತ, ಅಷ್ಟೇ.”

“ನನ್ನ ಕವಿತೆಯಲ್ಲಿ ಇವನಿಲ್ಲ.”

“ಇಲ್ಲ.”

ಪರದೆಯನ್ನು ಸ್ವಲ್ಪ ಹತ್ತಿರ ಎಳೆದುಕೊಂಡು, ಆ ಜಾಗವನ್ನು ಮತ್ತೆರಡು ಸಲ ಹಾಕಿಸಿದರು. “ತಿರುಗಿದ ಮೇಲೆ ತಕ್ಷಣ ಕತ್ತರಿಸಿಬಿಟ್ಟಿದ್ದೀಯ. ಇನ್ನೊಂದು ಚೂರು ಇರಲಿ ಬಿಡು.”

ರಾತ್ರಿ ಗೆಳೆಯನನ್ನು ಎಬ್ಬಿಸಿ ಆ ಶಾಟಿನ ಕೊನೆಗೆ 12 ಫ್ರೇಮ್ ಸೇರಿಸಿದೆ.